ಕಿಡ್ನಿ ಸೋತ ಮುದಿ ಬೆಕ್ಕಿಗೆ ಅಡುಗೆ ಮಾಡುವ ದಿನ

ಕಿಡ್ನಿ ಕೈಕೊಡುತ್ತಿದೆ ಅಂತ ಗೊತ್ತಾದ ಕೂಡಲೇ ಬೆಕ್ಕಿಗೆ ಮಾಂಸ ನಿಲ್ಲಿಸಿ ಬರೀ ಅನ್ನ ಕಲಸಿ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರೋಟೀನ್ ತೀರಾ ಕಡಿಮೆಯಾದರೆ ಬೆಕ್ಕು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ, ಬೆನ್ನುಮೂಳೆ ಕೈಗೆ ಸಿಗತೊಡಗುತ್ತದೆ. ಮೊದಲು ಹದ್ದುಬಸ್ತಿಗೆ ತರಬೇಕಾದ್ದು ಫಾಸ್ಫರಸ್, ಸೋತ ಕಿಡ್ನಿ ಸರಿಯಾಗಿ ಹೊರಹಾಕಲಾರದ ಖನಿಜ.

ಅಡುಗೆಗೆ ಅರ್ಧ ಕೆಜಿ ಮೂಳೆಯಿಲ್ಲದ ಕೋಳಿ ತೊಡೆ, ಚರ್ಮ ಸಮೇತ. ಕೊಬ್ಬಿನಿಂದ ಶಕ್ತಿ ಸಿಗುತ್ತದೆ, ಫಾಸ್ಫರಸ್ ಅಷ್ಟಾಗಿ ಬರುವುದಿಲ್ಲ. ಲಿವರ್, ಮೂಳೆ ಎರಡೂ ಬೇಡ. ಮಾಂಸವನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಪೂರ್ತಿ ಬೇಯಿಸಿ, ನೀರು ಬಸಿದು ಚೆಲ್ಲಿ. ಆ ನೀರಿಗೆ ಘಮ ಇರುತ್ತದೆ, ಕೊಡೋಣ ಅನ್ನಿಸುತ್ತದೆ. ಆದರೆ ಮಾಂಸ ಬಿಟ್ಟುಕೊಟ್ಟ ಫಾಸ್ಫರಸ್ ಇರುವುದೂ ಅದರಲ್ಲೇ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಲೇಬಾರದು.

ನೀರಿನ ಜೊತೆ ಟಾರಿನ್ (ಮಾಂಸದಲ್ಲಿರುವ, ಬೆಕ್ಕಿಗೆ ಬೇಕೇಬೇಕಾದ ಪೋಷಕಾಂಶ), ಬಿ ವಿಟಮಿನ್, ಪೊಟ್ಯಾಸಿಯಂ ಕೂಡ ಹೊರಟುಹೋಗುತ್ತವೆ. ಮನೆ ಅಡುಗೆ ಹೆಚ್ಚಾಗಿ ಕೆಡುವುದು ಇಲ್ಲೇ. ಟಾರಿನ್ ಇಲ್ಲದೆ ಬೆಕ್ಕಿನ ಹೃದಯ, ಕಣ್ಣು ಹಾಳಾಗುತ್ತವೆ. ದಿನಕ್ಕೆ 250 ಮಿಲಿಗ್ರಾಂ ಟಾರಿನ್ ಪುಡಿಯನ್ನು ಆಹಾರ ಆರಿದ ಮೇಲೆ ಬೆರೆಸುವುದು ವಾಡಿಕೆ. ಬಿ ವಿಟಮಿನ್ ಮತ್ತು ಮೀನೆಣ್ಣೆಯ ಪ್ರಮಾಣವನ್ನು ಪಶುವೈದ್ಯರು ತೂಕ ನೋಡಿ ಹೇಳಲಿ. ಕಾಡ್ ಮೀನಿನ ಲಿವರ್ ಎಣ್ಣೆ ಮಾತ್ರ ಬೇಡ, ಅದರಲ್ಲಿ ಎ, ಡಿ ವಿಟಮಿನ್ ಅತಿ. ಪೊಟ್ಯಾಸಿಯಂ ಕೊಡುವುದು ರಕ್ತಪರೀಕ್ಷೆ ಆದ ಮೇಲೆಯೇ. ಬೆಕ್ಕು ಕತ್ತು ಎತ್ತಲಾರದೆ ಗದ್ದ ಎದೆಗೆ ತಾಗಿಸಿಕೊಂಡು ನಡೆಯುತ್ತಿದ್ದರೆ ಪೊಟ್ಯಾಸಿಯಂ ಕುಸಿದಿರಬಹುದು, ಆ ಪರೀಕ್ಷೆ ಅವತ್ತೇ ಆಗಬೇಕು.

ಎರಡು ಮೊಟ್ಟೆಯ ಬಿಳಿಭಾಗ ಬೇಯಿಸಿ ಸೇರಿಸಿ. ಇಷ್ಟು ಒಳ್ಳೆಯ ಪ್ರೋಟೀನು ಇಷ್ಟು ಕಡಿಮೆ ಫಾಸ್ಫರಸ್‌ನೊಂದಿಗೆ ಬೇರೆಲ್ಲೂ ಸಿಗದು. ಫಾಸ್ಫರಸ್ ಬಹುತೇಕ ಹಳದಿಯಲ್ಲಿರುತ್ತದೆ. ಹಸಿ ಬಿಳಿಭಾಗ ಬಯೋಟಿನ್ ಎಂಬ ಬಿ ವಿಟಮಿನ್ ಅನ್ನು ಕಟ್ಟಿಹಾಕುವುದರಿಂದ ಬೇಯಿಸಲೇಬೇಕು. ಚಿಪ್ಪು ಎಸೆಯಬೇಡಿ: ತೊಳೆದು, ಕುದಿಸಿ, ಒಣಗಿಸಿ, ಪೌಡರಿನಷ್ಟು ನುಣ್ಣಗೆ ಪುಡಿ ಮಾಡಿ. ಅರ್ಧ ಕೆಜಿ ಮಾಂಸಕ್ಕೆ ಸುಮಾರು ಅರ್ಧ ಟೀ ಚಮಚ ಸಾಕು. ಮೂಳೆಯಿಲ್ಲದ ಊಟಕ್ಕೆ ಕ್ಯಾಲ್ಸಿಯಂ ಒದಗುತ್ತದೆ, ಕರುಳಿನಲ್ಲಿ ಸ್ವಲ್ಪ ಫಾಸ್ಫರಸ್ಸನ್ನೂ ಹಿಡಿದಿಡುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಮೊದಲೇ ಹೆಚ್ಚಿದ್ದರೆ ಇದು ಸಲ್ಲದು.

ಎರಡು ದಿನಕ್ಕಾಗುವಷ್ಟು ಫ್ರಿಜ್ಜಿನಲ್ಲಿಟ್ಟು ಉಳಿದದ್ದನ್ನು ಒಂದೊಂದು ಹೊತ್ತಿನ ಪಾಲು ಮಾಡಿ ಫ್ರೀಜರಿಗೆ ಹಾಕಿ. ಬಡಿಸುವಾಗ ಬಿಸಿನೀರಿನಲ್ಲಿ ಬಟ್ಟಲಿಟ್ಟು ಮೈಬಿಸಿಯಷ್ಟು ಬೆಚ್ಚಗೆ ಮಾಡಿ, ಎರಡು ಚಮಚ ನೀರು ಬೆರೆಸಿ. ಈ ಬೆಕ್ಕುಗಳಿಗೆ ನೀರು ಎಷ್ಟಿದ್ದರೂ ಸಾಲದು.

ಹೊಸ ಊಟವನ್ನು ಹಳೆಯದರ ಜೊತೆ ಚೂರುಚೂರೇ ಬೆರೆಸುತ್ತ ಕೆಲವು ವಾರಗಳಲ್ಲಿ ಬದಲಿಸಿ. ಬಟ್ಟಲಿನ ಬಳಿ ಬಂದು, ಮೂಸಿ, ತುಟಿ ನೆಕ್ಕಿಕೊಂಡು ಹಿಂದೆ ಸರಿದರೆ ಅದನ್ನು ಹಟ ಅಂದುಕೊಳ್ಳಬೇಡಿ. ಬಹುಪಾಲು ವಾಕರಿಕೆ ಇರುತ್ತದೆ, ಅದಕ್ಕೆ ಔಷಧಿ ಇದೆ. ಹಸಿದರೆ ತಾನೇ ತಿನ್ನುತ್ತದೆ ಅಂತ ಕಾಯಬೇಡಿ. ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರಿಗೆ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತು. ಹಳೆಯ ಊಟವನ್ನಾದರೂ ಕೊಡಿ. ಅದನ್ನೂ ಇಡೀ ದಿನ ಮುಟ್ಟದಿದ್ದರೆ ವೈದ್ಯರ ಬಳಿ ಹೊರಡಿ.