ಅರಬ್ಬಿ ಕಲಿಯೋಕೆ ಎಲ್ಲಿಗೆ ಹೋಗೋದು?

ರಜೆಯಲ್ಲಿ ವಿದೇಶ ಸುತ್ತಿ, ಜೊತೆಗೆ ಅರಬ್ಬಿನೂ ಕಲಿತು ಬರೋಣ ಅನ್ನುವವರು ಮೊದಲು ಊರು ಹುಡುಕುತ್ತಾರೆ. ನಾನಾದರೆ ಯಾವ ಅರಬ್ಬಿ ಅಂತ ಕೇಳುತ್ತೇನೆ. ಪುಸ್ತಕ, ಸುದ್ದಿವಾಚನದ ಫುಸ್‌ಹಾ ಒಂದು, ಬೀದಿಯ ಮಾತು ಇನ್ನೊಂದು. ಬೆಳಿಗ್ಗೆ ತರಗತಿಯಲ್ಲಿ ವಿಭಕ್ತಿ ಹಚ್ಚಿ ಕಲಿತ ವಾಕ್ಯವನ್ನು ಸಂಜೆ ಕೈರೋದ ಟ್ಯಾಕ್ಸಿಯಲ್ಲಿ ಹೇಳಿದರೆ ಚಾಲಕನಿಗೇನೋ ತಿಳಿಯುತ್ತದೆ, ಆದರೆ ಅವನು ನಗುತ್ತಾ ಕೊಡುವ ಉತ್ತರ ನಿಮಗೆ ತಿಳಿಯಲ್ಲ. ಅಲ್ಲಿ ‘ಜ’ ಕೂಡ ‘ಗ’ ಆಗಿಬಿಟ್ಟಿರುತ್ತದೆ.

ಆದರೂ ನನ್ನ ಓಟು ಕೈರೋಗೇ. ಈಜಿಪ್ಟಿನ ಸಿನಿಮಾ, ಹಾಡುಗಳ ದೆಸೆಯಿಂದ ಆ ಮಾತು ಬೇರೆ ಅರಬ್ ದೇಶಗಳಲ್ಲೂ ನಡೆಯುತ್ತದೆ. ಮೊರಾಕ್ಕೊದ ಆಡುಮಾತು ದಾರಿಜಾ ಹಾಗಲ್ಲ, ಅಲ್ಲಿನ ಫೆಸ್ ಊರಿನ ಹಳೇ ಗಲ್ಲಿಗಳು ಎಷ್ಟೇ ಚೆಂದ ಇದ್ದರೂ. ಅಲ್ಲಿ ಫ್ರೆಂಚ್ ಬೇರೆ ಅಡ್ಡ ಬರುತ್ತದೆ. 2011ಕ್ಕೆ ಮುಂಚೆ ಬಹಳ ಮಂದಿ ಸಿರಿಯಾದ ಡಮಾಸ್ಕಸ್‌ಗೆ ಹೋಗುತ್ತಿದ್ದರು, ಅಲ್ಲಿ ಯುದ್ಧ ಶುರುವಾದ ಮೇಲೆ ಜೋರ್ಡಾನಿನ ಅಮ್ಮಾನ್ ಕಡೆ ತಿರುಗಿದರು.

ಇಂಗ್ಲಿಷ್ ಮಾತಾಡುವವರಿಗೆ ಅರಬ್ಬಿ ಕಲಿಯಲು ಸುಮಾರು 2200 ಗಂಟೆ ತರಗತಿ ಬೇಕು ಅನ್ನುತ್ತದೆ ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ. ಹಾಗಿದ್ದಾಗ ಒಂದು ತಿಂಗಳಲ್ಲಿ ಚೌಕಾಸಿ ಮಾಡೋಕೆ, ದಾರಿ ಕೇಳೋಕೆ ಬಂದರೆ ಅದೇ ಜಾಸ್ತಿ, ಅಲ್ವಾ? ಅರಬ್ಬಿಯ 28 ಅಕ್ಷರಗಳನ್ನಂತೂ ಮನೆಯಲ್ಲೇ ಕಲಿತು ಹೋಗಿ. ಅಷ್ಟು ದುಡ್ಡು ಸುರಿದು ಅಲ್ಲಿ ಕೂತು ಅಲಿಫ್, ಬಾ ತಿದ್ದೋದು ಸುಮ್ನೆ ದಂಡ.