ಫೋರ್ಟ್ ಸ್ಟಿಕೀನ್ ಹಡಗಿನ ಮಾದರಿ: ಈಗ 66 ಜನರ ಕೆಲಸ

ಹಡಗಿನ ಮರಗೆಲಸ ಮುಗಿಯಿತು. ಬಣ್ಣವೂ ಒಣಗಿದೆ. ಈಗ ಅಗ್ನಿಶಾಮಕ ಸಿಬ್ಬಂದಿಯನ್ನು ಮಾಡುತ್ತಿದ್ದೇನೆ. ಅವರಿಗಾಗಿಯೇ ಈ ಮಾದರಿಗೆ ಕೈ ಹಾಕಿದ್ದು.

1944ರ ಏಪ್ರಿಲ್ 14ರಂದು ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ಈ ಹಡಗು ಸಿಡಿದು 66 ಜನ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹ ಅವರ ನೆನಪಿನದ್ದೇ. ಆ ದಿನವೇ ಯಾಕೆ ಅಂತ ನಮ್ಮ ತುಮಕೂರಿನ ಮಕ್ಕಳು ಕೇಳಿದರೆ ತೋರಿಸಿ ಹೇಳಲು ಏನಾದರೂ ಬೇಕು, ಅಲ್ವಾ?

ಅಳತೆ 1:200. ಅಸಲಿ ಹಡಗು ಸುಮಾರು 440 ಅಡಿ, ನನ್ನದು ಎರಡಡಿಗಿಂತ ಸ್ವಲ್ಪ ಜಾಸ್ತಿ. ಸರಕು ತುಂಬುವ ಎರಡನೇ ಒಳಕೋಣೆ, ಅಂದರೆ ಎರಡನೇ ಹೋಲ್ಡ್‌ನ ಒಂದು ಪಕ್ಕ ತೆರೆದೇ ಬಿಟ್ಟಿದ್ದೇನೆ. ಕರಾಚಿಯಲ್ಲಿ ತುಂಬಿದ ಹತ್ತಿ ಬೇಲುಗಳು, ಅದೇ ಹೋಲ್ಡ್‌ನಲ್ಲಿ ಸ್ಫೋಟಕ, ಎರಡೂ ಕಾಣಬೇಕು. ಇಡೀ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕವಿತ್ತು. ಹತ್ತಿಯ ಬೆಂಕಿ ಎಂಥದ್ದು ಅಂತ ತಿಪಟೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತೆಂಗಿನ ನಾರಿನ ರಾಶಿಗೆ ಬೆಂಕಿ ಬಿದ್ದ ಹಾಗೆ, ಮೇಲೆ ಎಷ್ಟು ನೀರು ಸುರಿದರೂ ಒಳಗೊಳಗೇ ಉರಿಯುತ್ತದೆ. ಅಲ್ಲಿ 900 ಟನ್ನಿಗೂ ಹೆಚ್ಚು ನೀರು ಹೊಡೆದರು. ನೀರೇ ಕುದಿಯಿತು, ಬೆಂಕಿ ಆರಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ.

ನನ್ನ ಮಾದರಿ ಅದಕ್ಕೂ ಸ್ವಲ್ಪ ಮುಂಚಿನ ಹೊತ್ತಿನದು. ಜ್ವಾಲೆ ಮಾಡಿ ಕೆಂಪು ದೀಪ ಹಾಕು ಅಂತ ಮನೆಯಲ್ಲಿ ಹೇಳುತ್ತಾರೆ. ನನಗೆ ಬೇಡ. ಈ ದುರಂತದ ಮಾತು ಬಂದರೆ ಹಡಗಿನಲ್ಲಿದ್ದ ಚಿನ್ನದ ಗಟ್ಟಿಗಳು ಊರೊಳಗೆ ಹಾರಿ ಬಿದ್ದ ಕಥೆಯೇ ಮುಂದೆ ಬರುತ್ತದೆ. ಇಲ್ಲಿ ಮಾತ್ರ ನೋಡುವವರ ಕಣ್ಣು ಮೊದಲು ಪೈಪು ಹಿಡಿದು ನಿಂತವರ ಮೇಲೆ ಬೀಳಬೇಕು.

ಒಬ್ಬೊಬ್ಬರೂ ಎಂಟೂವರೆ ಮಿಲಿಮೀಟರ್ ಎತ್ತರ. ಮೋಟಾರ್ ವೈಂಡಿಂಗ್ ಅಂಗಡಿಯಿಂದ ಹಳೇ ತಾಮ್ರದ ತಂತಿ ತಂದೆ. ತಂತಿ ಮಡಚಿದರೆ ಕಾಲು, ತುದಿಗೊಂದು ಸುತ್ತು ಹಾಕಿದರೆ ತಲೆ, ಅದರ ಮೇಲೆ ಒಂದು ಹನಿ ಫೆವಿಕಾಲ್ ಒಣಗಿದರೆ ಹೆಲ್ಮೆಟ್. ಬೆಳಕಿಗೆ ಹಿಡಿದು ಮಾಡಬೇಕು. ಒಬ್ಬರನ್ನೂ ಅವಸರದಲ್ಲಿ ಮಾಡಲು ಮನಸ್ಸು ಬರುವುದಿಲ್ಲ.

ನಿವೃತ್ತ ಫೈರ್‌ಮನ್ ಒಬ್ಬರು ಬಂದು ನೋಡಿದರು. "ಬ್ರಾಂಚ್ (ಪೈಪಿನ ತುದಿಯ ನಳಿಕೆ) ಹಿಡಿದವನ ಹಿಂದೆ ಇನ್ನೊಬ್ಬ ಇರಲೇಬೇಕು. ನೀರಿನ ಒತ್ತಡ ಹಿಂದಕ್ಕೆ ತಳ್ಳುತ್ತೆ," ಅಂದರು. ಅದಕ್ಕೇ ಡೆಕ್ ಮೇಲೆ ಜೋಡಿ ಜೋಡಿಯಾಗಿ ನಿಲ್ಲಿಸುತ್ತಿದ್ದೇನೆ. ನೀರು ತುಂಬಿದ ಪೈಪು ಜೋತು ಬೀಳುವುದಿಲ್ಲ, ಬಿಗಿದು ದೊಡ್ಡ ಸುತ್ತಿನಲ್ಲಿ ತಿರುಗುತ್ತದೆ ಅಂತಲೂ ತೋರಿಸಿಕೊಟ್ಟರು. ಮುಂದಿನ ಕೆಲಸ ಅದೇ: ನೂಲಿಗೆ ಗೋಂದು ಹಚ್ಚಿ, ಆ ಸುತ್ತಿನಲ್ಲೇ ಒಣಗಿಸಿ, ದಕ್ಕೆಯಿಂದ ಡೆಕ್‌ವರೆಗೆ ಎಳೆಯಬೇಕು.