ಕಾರಿಲ್ಲದ ಮನೆಯಲ್ಲಿ ಕಾರ್ ಸೀಟ್ ಯಾಕೆ?

ನಮ್ಮ ಮನೆಗೆ ಬಂದವರು ಚಾವಡಿಯಲ್ಲಿ ಕೂತು, ನೀರು ಬೆಲ್ಲ ತೆಗೆದುಕೊಂಡು, ಸುತ್ತ ಒಮ್ಮೆ ಕಣ್ಣಾಡಿಸಿ ಕೇಳುವ ಪ್ರಶ್ನೆ ಇದು. ಮೂಲೆಯಲ್ಲಿ ಮಗುವಿನ ಕಾರ್ ಸೀಟು ಇದೆ. ಅಂಗಳದಲ್ಲಿ ಇರುವುದು ಸ್ಕೂಟರ್. "ಕಾರೇ ಇಲ್ಲ, ಕಾರ್ ಸೀಟ್ ಯಾಕೆ ತಗೊಂಡ್ರಿ?"

ಮೊದಲ ವರ್ಷ ನಗುತ್ತಲೇ ಉತ್ತರ ಕೊಟ್ಟೆ. ಈಗ ಸಾಕಾಗಿದೆ. ಒಮ್ಮೆ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಸ್ವಂತ ಕಾರಿಲ್ಲ, ನಿಜ. ಹಾಗಂತ ನಾವು ಕಾರಿನಲ್ಲಿ ಹೋಗುವುದೇ ಇಲ್ವಾ? ಕೇರಳದ ಕಾಸರಗೋಡು ಜಿಲ್ಲೆ, ಕರ್ನಾಟಕದ ಗಡಿಗೆ ಹತ್ತಿರದ ಬದಿಯಡ್ಕದ ಬಳಿ ನಮ್ಮ ಮನೆ. ಮಗುವಿಗೆ ಜ್ವರ ಜಾಸ್ತಿಯಾದರೆ ಮಂಗಳೂರಿಗೆ, ತವರುಮನೆಗೆ ಅಂತ ವಿಟ್ಲಕ್ಕೆ, ಇವರು ರಜೆಯಲ್ಲಿ ಬರುವಾಗ ಬಜ್ಪೆ ವಿಮಾನ ನಿಲ್ದಾಣಕ್ಕೆ, ಮತ್ತೆ ಮದುವೆ, ಉಪನಯನ, ಪೂಜೆ. ತಿಂಗಳಿಗೆ ಎರಡು ಮೂರು ಸಲ ಬಾಡಿಗೆ ಕಾರು ಮಾಡಿಯೇ ಮಾಡುತ್ತೇವೆ. ಮಂಗಳೂರಿಗೆ ಹೋಗಿ ಬಂದರೆ 100 ಕಿಲೋಮೀಟರ್ ದಾಟುತ್ತದೆ. ಮನೆಯಲ್ಲಿ ಕಾರಿದ್ದವರ ಮಗುವಿಗೆ ಒಂದು ಕಾರು, ಒಬ್ಬರೇ ಡ್ರೈವರ್. ನಮ್ಮ ಮಗುವಿಗೆ ಪ್ರತಿ ಸಲ ಬೇರೆ ಕಾರು, ಬೇರೆ ಡ್ರೈವರ್. ಬದಲಾಗದೆ ಇರುವುದು ಆ ಸೀಟು ಒಂದೇ. ಅದಕ್ಕೇ ತೆಗೆದುಕೊಂಡದ್ದು.

ಇಷ್ಟಕ್ಕೆ ಮುಗಿದರೆ ನನಗೆ ಬೇಸರ ಇಲ್ಲ. ಮುಂದಿನ ಪ್ರಶ್ನೆ ಬರುತ್ತದಲ್ಲ, ಅದು ನನಗೆ ಕೋಪ ಬರಿಸುತ್ತದೆ. "ಎತ್ತಿಕೊಳ್ಳಲಿಕ್ಕೆ ನಿಮ್ಮಲ್ಲಿ ಜನ ಇಲ್ವಾ?" ಇನ್ನೊಬ್ಬರು, "ಪಾಪ, ಅಷ್ಟು ಸಣ್ಣ ಮಗುವನ್ನು ಕಟ್ಟಿ ಹಾಕೋದಾ?" ಕಟ್ಟಿ ಹಾಕುವುದು ಹಟ್ಟಿಯ ದನವನ್ನು. ನಾನು ಮಗಳಿಗೆ ಬೆಲ್ಟ್ ಹಾಕುತ್ತೇನೆ. ಸ್ಕೂಟರಿನಲ್ಲಿ ಹೋಗುವಾಗ ನೀವು ಹೆಲ್ಮೆಟ್ ಹಾಕಿದರೆ ತಲೆಯನ್ನು ಕಟ್ಟಿ ಹಾಕಿದ್ದಾರೆ ಅಂತ ಯಾರೂ ಹೇಳುವುದಿಲ್ಲ. ಮತ್ತೆ ದೊಡ್ಡವರೆಲ್ಲ ಹೇಳುವ ಮಾತು: "ಅಮ್ಮನ ಮಡಿಲಿಗಿಂತ ಗಟ್ಟಿ ಜಾಗ ಬೇರೆ ಯಾವುದಿದೆ?"

ನಾನೂ ಹಾಗೇ ನಂಬಿದ್ದೆ. ಮಗಳಿಗೆ ಹನ್ನೊಂದು ತಿಂಗಳು ಆಗುವ ತನಕ.

ಚಿಕ್ಕಮ್ಮನ ಮಗನ ಮದುವೆ. ಹಾಲ್ ಇದ್ದದ್ದು ಕಲ್ಲಡ್ಕದ ಹತ್ತಿರ. ದಿಬ್ಬಣಕ್ಕೆ ಒಂದು ಬಸ್ಸು, ಬಸ್ಸಿನಲ್ಲಿ ಹಿಡಿಸದವರಿಗೆ ಒಂದು ಬಾಡಿಗೆ ಕಾರು. "ಮಗು ಇದೆ, ನೀನು ಮುಂದೆ ಕೂತ್ಕೋ, ಗಾಳಿ ಸಿಗ್ತದೆ" ಎಂದು ದೊಡ್ಡಮ್ಮ ಮುಂದಿನ ಸೀಟು ಬಿಟ್ಟುಕೊಟ್ಟರು. ಹಿಂದೆ ಆರು ಜನ. ಮಗುವಿಗೆ ಒತ್ತುತ್ತದೆ ಅಂತ ನಾನು ಬೆಲ್ಟ್ ಹಾಕಿರಲಿಲ್ಲ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಹೋದವರಿಗೆ ಗೊತ್ತಿದೆ, ತಿರುವಿನ ಮೇಲೆ ತಿರುವು. ಪೆರ್ಲ ಕಳೆಯಿತು, ಅಡ್ಕಸ್ಥಳದಲ್ಲಿ ಗಡಿ ಕಳೆಯಿತು. ಮಗಳು ನನ್ನ ತೊಡೆಯ ಮೇಲೆ ನಿಂತು ಮುಡಿಯ ಮಲ್ಲಿಗೆ ಎಳೆಯುತ್ತಿದ್ದಳು. ನನ್ನ ಒಂದು ಕೈ ಅವಳ ಸೊಂಟದಲ್ಲಿ, ಇನ್ನೊಂದು ಬೆನ್ನಿನಲ್ಲಿ. ಒಂದು ತಿರುವಿನಲ್ಲಿ ಎದುರಿಂದ ಬಸ್ಸು ಬಂತು. ಡ್ರೈವರ್ ಬ್ರೇಕ್ ಹಾಕಿದರು. ವೇಗ ನಲವತ್ತು ಕೂಡ ಇರಲಿಲ್ಲ. ಯಾವುದಕ್ಕೂ ಗುದ್ದಲಿಲ್ಲ. ಬಸ್ಸು ಹೋಯಿತು. ಹಿಂದಿನವರು ಮಾತು ಬಿಟ್ಟಲ್ಲಿಂದ ಮುಂದುವರಿಸಿದರು.

ಮಗಳು ನನ್ನ ಕಾಲ ಬುಡದಲ್ಲಿ, ಮ್ಯಾಟಿನ ಮೇಲೆ ಕೂತಿದ್ದಳು. ಆಟ ಅಂದುಕೊಂಡು ನಗುತ್ತಿದ್ದಳು. ಮುಷ್ಟಿಯಲ್ಲಿ ಮಲ್ಲಿಗೆ ಹಾಗೇ ಇತ್ತು. ನಾನು ನನ್ನ ಕೈ ಎಲ್ಲಿದೆ ಅಂತ ನೋಡಿದೆ. ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲಿದ್ದವು.

ಬಿಡಬೇಕು ಅಂತ ಬಿಟ್ಟದ್ದಲ್ಲ. ಬಿಟ್ಟದ್ದು ನನಗೆ ಗೊತ್ತೂ ಆಗಲಿಲ್ಲ. ಮುಗ್ಗರಿಸಿದಾಗ ಯಾರ ಕೈಯಾದರೂ ಮುಂದಕ್ಕೆ ಹೋಗುತ್ತದೆ, ಹಾಗೆ ಹೋಗಿತ್ತು. ಆ ದಿನ ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದರು, ನಾನು ತಿಂದೆ, ಅದರ ರುಚಿ ನೆನಪಿಲ್ಲ. ನನ್ನ ಎರಡು ಕೈ ಮಾತ್ರ ನೆನಪಿದೆ.

ಹಾಗಾದರೆ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರೆ ಆಗುತ್ತಿತ್ತಾ? ಇಲ್ಲ. ಇದು ಲೆಕ್ಕದ ವಿಷಯ. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದ ಕಾರು ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ, ಒಳಗಿರುವ 10 ಕೆ.ಜಿ. ಮಗುವನ್ನು ತಡೆದು ನಿಲ್ಲಿಸಲು ಸುಮಾರು 200 ಕೆ.ಜಿ. ಎತ್ತುವಷ್ಟು ಬಲ ಬೇಕು. 50 ಕೆ.ಜಿ.ಯ ನಾಲ್ಕು ಮೂಟೆ ಅಕ್ಕಿ. ಅದೂ ಕಣ್ಣು ಮಿಟುಕಿಸುವುದರೊಳಗೆ. ಯಾವ ಅಮ್ಮನ ಕೈಯಲ್ಲೂ ಆಗುವ ಕೆಲಸ ಅಲ್ಲ ಇದು. ಹಿಡಿದುಕೊಳ್ಳಲು ಬರುವುದಿಲ್ವಾ ಅಂತ ತಾಯಂದಿರನ್ನು ಕೇಳುವುದು ದಯವಿಟ್ಟು ನಿಲ್ಲಿಸಿ. ಪ್ರೀತಿ ಕಡಿಮೆಯಾಗಿ ಯಾರೂ ಕೈ ಬಿಡುವುದಿಲ್ಲ.

ಕೆಲವರು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುತ್ತಾರೆ. ಅದು ಇನ್ನೂ ಅಪಾಯ. ಗುದ್ದಿದಾಗ ಅಮ್ಮನ ಇಡೀ ಭಾರ ಮಗುವನ್ನು ಬೆಲ್ಟಿಗೆ ಒತ್ತಿ ಹಿಡಿಯುತ್ತದೆ.

ಕಾನೂನಿನ ಮಾತು ಎತ್ತುವವರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ವಾಹನ ಓಡಿಸಿದರೆ 1000 ರೂಪಾಯಿ ದಂಡ. 2024ರ ಅಕ್ಟೋಬರಿನಲ್ಲಿ ನಮ್ಮ ಕೇರಳದ ಸಾರಿಗೆ ಇಲಾಖೆ, ಡಿಸೆಂಬರಿನಿಂದ ಇದಕ್ಕೆ ದಂಡ ಹಾಕುತ್ತೇವೆ ಅಂತ ಹೇಳಿತು. ಕೆಲವೇ ದಿನಗಳಲ್ಲಿ ಸಚಿವರು ದಂಡ ಇಲ್ಲ ಎಂದರು. ಅವತ್ತು ಸಂಜೆಯೇ ನನಗೆ ಮೂರು ಫೋನ್ ಬಂತು: "ಬೇಡ ಅಂತ ಆಯ್ತಲ್ಲ, ಸೀಟು ಮಾರ್ತೀರಾ?" ದಂಡಕ್ಕೆ ಹೆದರಿ ತಂದ ಸೀಟಾಗಿದ್ದರೆ ಮಾರಬಹುದಿತ್ತು. ತಲಪಾಡಿಯಿಂದ ಈ ಕಡೆ ಹೆದ್ದಾರಿ ಆರು ಲೇನು ಆದ ಮೇಲೆ ಕಾರುಗಳು ಹೋಗುವ ವೇಗ ನೀವೂ ನೋಡಿದ್ದೀರಿ. ಮಕ್ಕಳ ಸೀಟು ಸರಿಯಾಗಿ ಬಳಸಿದರೆ ಸಾವು 60 ಶೇಕಡಾದಷ್ಟು ಕಡಿಮೆಯಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನಗೆ ಅಷ್ಟು ಸಾಕು.

ಆಟೋದಲ್ಲಿ ಏನು ಮಾಡ್ತೀರಿ ಅಂತ ಗೆದ್ದವರ ಹಾಗೆ ಕೇಳಬೇಡಿ. ಆಟೋದಲ್ಲಿ ಬೆಲ್ಟೇ ಇಲ್ಲ, ಸೀಟು ಕಟ್ಟಲು ಆಗುವುದಿಲ್ಲ. ಪೇಟೆಗೆ ಎರಡು ಕಿಲೋಮೀಟರ್ ಆಟೋದಲ್ಲಿ ಹೋಗುತ್ತೇನೆ, ದೂರಕ್ಕೆ ಹೋಗುವುದಿಲ್ಲ. ಎಲ್ಲ ಕಡೆ ಆಗುವುದಿಲ್ಲ ಅಂತ ಆಗುವ ಕಡೆಯೂ ಬಿಡಬೇಕಾ?

ನನಗೆ ಆಶ್ಚರ್ಯ ಆಗುವುದು ಬೇರೆ ವಿಷಯ. ಇಷ್ಟು ಜನ ಯಾಕೆ ಅಂತ ಕೇಳಿದರು, ಹೇಗೆ ಅಂತ ಒಬ್ಬರೂ ಕೇಳಲಿಲ್ಲ. ಬಾಡಿಗೆ ಕಾರಿನವರಿಗೆ ಫೋನ್ ಮಾಡಿದಾಗ ಏನು ಹೇಳ್ತೀರಿ, ಯಾವ ಸೀಟು ತಗೊಂಡ್ರಿ, ಕಟ್ಟಲು ಎಷ್ಟು ಹೊತ್ತು ಬೇಕು, ಇದನ್ನು ಕೇಳಿದ್ದರೆ ಚಾ ಮಾಡಿ ಕೂರಿಸಿ ಹೇಳುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತೇನೆ.

ಗಡಿಯಲ್ಲಿರುವ ನಮಗೆ ಕಾರು ಗೊತ್ತು ಮಾಡುವಾಗ ಕೇಳಿ ಅಭ್ಯಾಸ ಇದೆ. ಕರ್ನಾಟಕಕ್ಕೆ ಪರ್ಮಿಟ್ ಇದೆಯಾ? ಎ.ಸಿ. ಇದೆಯಾ? ಮೇಲೆ ಕ್ಯಾರಿಯರ್ ಇದೆಯಾ? ವೈಟಿಂಗ್ ಎಷ್ಟು? ಈ ಪಟ್ಟಿಗೆ ಇನ್ನೊಂದು ಸೇರಿಸಿ: "ಹಿಂದಿನ ಸೀಟಿನಲ್ಲಿ ಬೆಲ್ಟ್ ಇದೆಯಾ? ಬಕಲ್ ಕವರಿನ ಅಡಿಗೆ ಹೋಗಿದ್ರೆ ಹೊರಗೆ ತೆಗೆದಿಡ್ತೀರಾ ಅಣ್ಣ?" ಇದನ್ನು ಹಿಂದಿನ ದಿನವೇ ಹೇಳಬೇಕು. ಬೆಳಿಗ್ಗೆ ಕಾರು ಅಂಗಳಕ್ಕೆ ಬಂದ ಮೇಲೆ ಹೇಳಿದರೆ ಅವರಿಗೂ ಕಿರಿಕಿರಿ, ನಮಗೂ ಗಡಿಬಿಡಿ. ಹತ್ತು ನಿಮಿಷ ಬೇಗ ಬನ್ನಿ ಅಂತಲೂ ಹೇಳುತ್ತೇನೆ. ಆ ಹತ್ತು ನಿಮಿಷಕ್ಕೆ ದುಡ್ಡು ಕೊಡುವೆ ಅಂದರೂ ಇದುವರೆಗೆ ಯಾರೂ ತೆಗೆದುಕೊಂಡಿಲ್ಲ.

ಬಕಲ್ ವಿಷಯ ಯಾಕೆ ಅಂದರೆ, ಬಾಡಿಗೆ ಕಾರಿನ ಹಿಂದಿನ ಸೀಟಿಗೆ ಕವರ್ ಹೊಲಿಸುವಾಗ ಬಕಲ್‌ಗಳನ್ನು ಹೆಚ್ಚಾಗಿ ಒಳಗೇ ಬಿಟ್ಟಿರುತ್ತಾರೆ. ಒರಗುವ ಭಾಗ ಮತ್ತು ಕೂರುವ ಭಾಗದ ನಡುವೆ ಮೊಣಕೈ ತನಕ ಕೈ ತೂರಿಸಬೇಕು. ಮೊದಲು ಕಡಲೆ ಸಿಪ್ಪೆ ಸಿಗುತ್ತದೆ, ಮತ್ತೆ ಯಾರದೋ ಹೇರ್ ಕ್ಲಿಪ್, ಎರಡು ರೂಪಾಯಿ ನಾಣ್ಯ. ಕೊನೆಗೆ ತಣ್ಣಗಿನ ಬಕಲ್ ಬೆರಳಿಗೆ ತಾಗುತ್ತದೆ. ಅದನ್ನು ಮೇಲೆ ಎಳೆದು, ಬೆಲ್ಟ್ ಸಿಕ್ಕಿಸಿ, "ಟಕ್" ಅಂತ ಶಬ್ದ ಕೇಳಿದ ಮೇಲೆಯೇ ನನಗೆ ಸಮಾಧಾನ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಹೋದಾಗ ಹಿಂದಿನ ಸೀಟಿನ ಬೆಲ್ಟಿನ ಬಗ್ಗೆ ದೇಶವೆಲ್ಲ ಮಾತಾಡಿತು. ಆದರೂ ಬಕಲ್ ಈಗಲೂ ಕವರಿನ ಅಡಿಯಲ್ಲೇ ಇದೆ.

ಸೀಟು ತೆಗೆದುಕೊಳ್ಳುವಾಗ ಅಂಗಡಿಯವರು ಐಸೋಫಿಕ್ಸ್ ಇರುವುದೇ ಒಳ್ಳೆಯದು ಅಂದರು. ಕಾರಿನ ಸೀಟಿನ ಸಂದಿಯಲ್ಲಿರುವ ಎರಡು ಕಬ್ಬಿಣದ ಕೊಂಡಿಗೆ ಸಿಕ್ಕಿಸುವ ವ್ಯವಸ್ಥೆ ಅದು. ಸ್ವಂತ ಹೊಸ ಕಾರಿದ್ದವರಿಗೆ ಸುಲಭ. ಬಾಡಿಗೆ ಕಾರಿನಲ್ಲಿ ಆ ಕೊಂಡಿ ಇರುತ್ತದೆ ಅಂತ ನಂಬಿ ಹೊರಡಲು ಆಗುವುದಿಲ್ಲ. ಹಳೆಯ ಕಾರುಗಳಲ್ಲಿ ಇಲ್ಲ. ಅದಕ್ಕೇ ನಮ್ಮಂಥವರು ಸಾಮಾನ್ಯ ಸೀಟ್ ಬೆಲ್ಟಿನಿಂದಲೇ ಕಟ್ಟಲು ಆಗುವ ಸೀಟು ತೆಗೆದುಕೊಳ್ಳಬೇಕು. ಸೊಂಟಕ್ಕೂ ಭುಜಕ್ಕೂ ಬರುವ ಬೆಲ್ಟ್ ಇರುವ ಬದಿಯ ಜಾಗದಲ್ಲಿ ಕಟ್ಟುತ್ತೇನೆ. ಸೀಟಿನ ಮೇಲಿನ ಚೀಟಿಯಲ್ಲಿ ಆರ್44 ಅಥವಾ ಆರ್129 ಅಂತ ಇದೆಯಾ ನೋಡಿ. ಮಕ್ಕಳ ಸೀಟಿಗೆ ವಿಶ್ವಸಂಸ್ಥೆ ಮಾಡಿದ ಸುರಕ್ಷತಾ ನಿಯಮಗಳ ಹೆಸರು ಅವು, ಪರೀಕ್ಷೆ ಆದದ್ದರ ಗುರುತು. ಮತ್ತೆ ಭಾರ ನೋಡಿ. ಹೊತ್ತುಕೊಂಡು ಹೋಗಬೇಕಾದವರು ನಾವೇ.

ಕಟ್ಟಲು ನನಗೆ ಈಗ ನಾಲ್ಕು ನಿಮಿಷ ಸಾಕು. ಮೊದಲ ಸಲ ಅರ್ಧ ಗಂಟೆ ಹಿಡಿದಿತ್ತು. ಕಾರಿಲ್ಲದವರಿಗೆ ಅಭ್ಯಾಸ ಮಾಡಲು ಜಾಗ ಇಲ್ಲ, ಅದೊಂದು ಕಷ್ಟ. ಪಕ್ಕದ ಮನೆಯ ಮಾವನ ಕಾರಿನಲ್ಲಿ ಒಂದು ಭಾನುವಾರ ಪೂರ್ತಿ ಕಟ್ಟಿ ಬಿಚ್ಚಿ ಕಲಿತೆ. ಸೀಟಿನ ಮೇಲೆ ಮೊಣಕಾಲು ಊರಿ, ಮೈಭಾರ ಹಾಕಿ, ಬೆಲ್ಟ್ ಎಳೆದು ಬಿಗಿ ಮಾಡಬೇಕು. ಆಮೇಲೆ ಬೆಲ್ಟ್ ಹಾದು ಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಜಾಸ್ತಿ ಅಲುಗಬಾರದು. ಮಗುವಿನ ಪಟ್ಟಿ ಬಿಗಿ ಮಾಡಿದ ಮೇಲೆ ಭುಜದ ಹತ್ತಿರ ಎರಡು ಬೆರಳಿನಿಂದ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಇನ್ನೂ ಸಡಿಲ ಇದೆ ಅಂತ.

ಸಣ್ಣ ಮಕ್ಕಳ ಮುಖ ಕಾರಿನ ಹಿಂಬದಿಗೆ ಇರಬೇಕು. ಆರ್129ರ ಪ್ರಕಾರ ಕಡಿಮೆ ಅಂದರೂ 15 ತಿಂಗಳ ತನಕ. ಮೈಗೆ ಹೋಲಿಸಿದರೆ ಮಕ್ಕಳ ತಲೆ ಭಾರ, ಕುತ್ತಿಗೆ ಎಳೆಯದು. ಹಿಂದಕ್ಕೆ ಮುಖ ಮಾಡಿ ಕೂತರೆ ಗುದ್ದಿದ ಪೆಟ್ಟನ್ನು ಸೀಟಿನ ಬೆನ್ನು ತೆಗೆದುಕೊಳ್ಳುತ್ತದೆ. ಹೀಗೆ ಹಿಮ್ಮುಖ ಕೂರಿಸುವ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಜಾಗದಲ್ಲಿ ಇಡಲೇಬಾರದು. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಹೊಡೆತ ನೇರ ಸೀಟಿನ ಬೆನ್ನಿಗೆ, ಅಲ್ಲಿಂದ ಮಗುವಿನ ತಲೆಗೆ.

ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗಲೂ ಸೀಟು ನಮ್ಮ ಜೊತೆ ಬರುತ್ತದೆ. ಹಳೆಯ ಬೈರಾಸಿನಲ್ಲಿ (ಟವೆಲಿನಲ್ಲಿ) ಟ್ರಾಲಿ ಬ್ಯಾಗಿಗೆ ಬಿಗಿದು ಎಳೆದುಕೊಂಡು ಹೋಗುತ್ತೇನೆ. ಅಲ್ಲಿ ಆ್ಯಪ್‌ನಲ್ಲಿ ಕಾರು ಕರೆದರೆ, ಬಂದ ಕೂಡಲೇ ಹೊರಡುವ ಅವಸರ ಡ್ರೈವರಿಗೆ. ಡಿಕ್ಕಿಯಲ್ಲಿ ಸಿ.ಎನ್.ಜಿ. ಸಿಲಿಂಡರ್ ಇದ್ದರೆ ಬ್ಯಾಗು ಇಡಲೂ ಜಾಗ ಕಡಿಮೆ. ಹಾಗಾಗಿ ಕಾರು ಹತ್ತಿರ ಬರುವಾಗಲೇ ಫೋನ್ ಮಾಡಿ "ಮಗುವಿನ ಸೀಟು ಕಟ್ಟಬೇಕು, ಐದು ನಿಮಿಷ ನಿಲ್ತೀರಾ?" ಅಂತ ಕೇಳುತ್ತೇನೆ. ಆಗದು ಅಂದವರಿಗೆ ಸರಿ ಅಂತ ಹೇಳಿ ಇನ್ನೊಂದು ಕರೆಯುತ್ತೇನೆ. ಒಮ್ಮೆ ಮೂರನೆಯ ಕಾರಿನಲ್ಲಿ ಹೋದೆವು. ತಡವಾಯಿತು, ಆಗಲಿ.

ನಮ್ಮ ಕಡೆಯ ಡ್ರೈವರುಗಳು ಇದರಲ್ಲಿ ಒಳ್ಳೆಯವರು. ಈಗ ಹೆಚ್ಚಾಗಿ ಒಬ್ಬರನ್ನೇ ಕರೆಯುತ್ತೇವೆ. ಮೊದಲ ಸಲ ಅವರೂ "ಇದೆಂಥ ಅಕ್ಕ?" ಅಂದಿದ್ದರು. ಮೂರನೆಯ ಸಲ ಕಾರು ಬರುವಾಗ ಹಿಂದಿನ ಸೀಟಿನ ಕವರನ್ನು ಬಕಲ್ ಇರುವ ಕಡೆ ಕತ್ತರಿಸಿ, ಅಂಚಿಗೆ ನೀಟಾಗಿ ಹೊಲಿಗೆ ಹಾಕಿಸಿದ್ದರು. ಕಳೆದ ತಿಂಗಳು ಕಟ್ಟುತ್ತಿರುವಾಗ ಪಕ್ಕದಲ್ಲಿ ಬಂದು ನಿಂತರು. "ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಆಸ್ಪತ್ರೆಯಿಂದ ಕರೆದುಕೊಂಡು ಬರುವಾಗ ಅಷ್ಟು ಸಣ್ಣದಕ್ಕೂ ಇದು ಆಗ್ತದಾ?" ಎರಡು ವರ್ಷದಲ್ಲಿ ನಾನು ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು. ಆಗ್ತದೆ ಅಂದೆ. ಹುಟ್ಟಿದ ಮಗುವಿಗೆ ಒಳಗೆ ಇಡುವ ದಿಂಬು ಬೇರೆ ಇತ್ತು, ಅಟ್ಟದಿಂದ ಹುಡುಕಿ ತೆಗೆದು, ಒಗೆದು ಕೊಟ್ಟೆ. ಮಗುವನ್ನು ಅದರಲ್ಲೇ ಮನೆಗೆ ತಂದರು.

ಸೀಟು ಈಗ ವಾಪಸ್ ಚಾವಡಿಯಲ್ಲಿದೆ. ಪ್ರಯಾಣ ಇದ್ದವರು ಎರಡು ದಿನ ಮೊದಲು ಫೋನ್ ಮಾಡಿ ಕೇಳಿ, ನಮಗೆ ಬೇಡದ ದಿನ ಕೊಡುತ್ತೇನೆ. ಬರುವಾಗ ಮಗುವನ್ನೂ ಕರೆದುಕೊಂಡು ಬನ್ನಿ. ಭುಜದ ಎತ್ತರ ನೋಡಿ ಪಟ್ಟಿ ಸರಿ ಮಾಡಬೇಕು.